ಮೇಲಿನ ಮನೆಯ ಸನ್ಯಾಸಿ ಹಕ್ಕಿಗಳು

ನಮ್ಮ ಮೇಲಿನ ಮನೆಯಲ್ಲಿ ಈಗ ಹೈದರಾಬಾದಿನವರು ಇದ್ದಾರೆ. ಒಳ್ಳೆಯ ಜನ. ಅವರನ್ನು ಕಂಡರೆ ನನಗೆ ಏನೂ ಅನಿಸುವುದಿಲ್ಲ. ಅವರಿಗಿಂತ ಮೊದಲು ಅಲ್ಲಿದ್ದವರನ್ನು ಕಂಡರೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ಅವರು ವೀಸಾಕ್ಕೆ ಕೊನೆಯ ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೋದ ಮೇಲೂ ಪಡುತ್ತಿದ್ದೇನೆ. ಬಿಟ್ಟುಹೋದವರ ಬಗ್ಗೆ ಬರೆಯುವಾಗ ಎಲ್ಲರೂ ಒಳ್ಳೆಯ ಮಾತನ್ನೇ ಬರೆಯುತ್ತಾರೆ. ನನಗೂ ಬೇರೆ ದಾರಿಯಿಲ್ಲ. ಆ ಹೆಂಗಸಿನಲ್ಲಿ ಕೆಟ್ಟದ್ದು ಎಂದು ತೋರಿಸಲು ನಾನು ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ.

ಜೆದ್ದಾದಿಂದ ಬೆಟ್ಟ ಹತ್ತಿದರೆ ಸಿಗುವ ತಾಯಿಫ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್, ಗಂಡ ಅಲ್ಲಿಯೇ ಅಕೌಂಟ್ಸ್ ವಿಭಾಗದಲ್ಲಿ. ನಮ್ಮದು ಬ್ರಹ್ಮಾವರದ ಕಡೆ. ಒಬ್ಬಳೇ ಮಗಳು, ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಎಂಟನೇ ತರಗತಿ. ಮೇಲಿನ ಮನೆಯವರು ಬಂಟ್ವಾಳದ ಹತ್ತಿರದ ಬ್ಯಾರಿ ಮುಸ್ಲಿಮರು. ಗಂಡನಿಗೆ ಪೇಟೆಯಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ. ಗಂಡುಮಕ್ಕಳಿಬ್ಬರು ಮಂಗಳೂರಿನಲ್ಲಿ ಓದುತ್ತಿದ್ದರು. ಆ ಹೆಂಗಸು ನನಗಿಂತ ಏಳೆಂಟು ವರ್ಷ ದೊಡ್ಡವರು, ಹಾಗಾಗಿ ನನಗೆ ಅಕ್ಕ, ಮಗಳಿಗೆ ಆಂಟಿ. ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ್ದರು. ಕೊನೆಯ ಪರೀಕ್ಷೆ ಮುಗಿಯುವ ಮೊದಲೇ ಮದುವೆ ನಿಶ್ಚಯವಾಗಿತ್ತಂತೆ. "ಡಿಗ್ರಿ ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಬಂದದ್ದು, ತೆಗೀಲಿಕ್ಕೆ ಪುರ್ಸೊತ್ತು ಆಗ್ಲಿಲ್ಲ ಮಾರಾಯ್ರೆ" ಎಂದು ನಗುತ್ತಿದ್ದರು.

ಎಲ್ಲ ಶುರುವಾದದ್ದು ಕಟ್ಟಡದ ಹೆಂಗಸರ ವಾಟ್ಸಾಪ್ ಗುಂಪಿನಿಂದ. ಅಲ್ ಹದಾ ಬೆಟ್ಟದ ಕಡೆ ಪಿಕ್ನಿಕ್ ಹೋದವರೊಬ್ಬರು ಒಂದು ವಿಡಿಯೋ ಹಾಕಿದರು. ಹೂವಿನ ಮುಂದೆ ಪಟಪಟ ರೆಕ್ಕೆ ಬಡಿಯುವ, ಬಿಸಿಲಿಗೆ ಹಸಿರು ಹೊಳೆಯುವ ಪುಟ್ಟ ಹಕ್ಕಿ. ತಾಯಿಫ್‌ನಲ್ಲಿ ಹಮ್ಮಿಂಗ್ ಬರ್ಡ್ ಬಂದಿದೆ ಎಂದು ಕೆಳಗೆ ಬರೆದಿದ್ದರು. ಎಲ್ಲರೂ ಮಾಶಾ ಅಲ್ಲಾ ಎಂದರು, ಹೃದಯದ ಚಿತ್ರ ಒತ್ತಿದರು, ನಾನೂ ಒತ್ತಿದೆ. ಇವರೊಬ್ಬರು ಮಾತ್ರ, ಅದು ಸೂರಕ್ಕಿ, ನಮ್ಮ ಊರಿನ ಬಾಳೆಹೂವಿಗೆ ಬರುವ ಹಕ್ಕಿಯ ನೆಂಟ, ಹಮ್ಮಿಂಗ್ ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಈಚೆ ಎಲ್ಲಿಯೂ ಇಲ್ಲ, ಎರಡಕ್ಕೂ ಸಂಬಂಧವೇ ಇಲ್ಲ, ಹೂವಿನ ಸಿಹಿ ಕುಡಿದು ಬದುಕುವುದರಿಂದ ನೋಡಲು ಒಂದೇ ಥರ ಆಗಿವೆ ಎಂದು ಉದ್ದಕ್ಕೆ ಬರೆದರು. ಆಮೇಲೆ ಆ ವಿಡಿಯೋಗೆ ಯಾರೂ ಹೃದಯ ಒತ್ತಲಿಲ್ಲ. ತಾನು ಎಲ್ಲರ ಸಂತೋಷಕ್ಕೆ ತಣ್ಣೀರು ಎರಚಿದೆ ಎಂದು ಅವರಿಗೆ ಬೇಜಾರಾಗಿ, ಮರುದಿನ ಮನೆಮನೆಗೆ ಬಿಸಿ ಪತ್ತಿರ್, ಅಕ್ಕಿಯ ತೆಳು ರೊಟ್ಟಿ, ಕಳಿಸಿದರು. ತಟ್ಟೆಯನ್ನು ಖಾಲಿ ಹಿಂದಿರುಗಿಸುವುದು ನಮ್ಮಲ್ಲಿ ಕ್ರಮವಲ್ಲ. ನಾನು ಎರಡು ಹಿಡಿ ಚಕ್ಕುಲಿ ಹಾಕಿ ಮಗಳ ಕೈಯಲ್ಲಿ ಕೊಟ್ಟು ಮೇಲೆ ಕಳಿಸಿದೆ. ಇಳಿಹೊತ್ತಿನ ಅಸರ್ ಬಾಂಗ್ ಹೊತ್ತಿಗೆ ಹೋದವಳು ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಆದ ಮೇಲೆ ಇಳಿದು ಬಂದಳು. ಚಕ್ಕುಲಿ ನಾನೇ ಕಳಿಸಿದ್ದು, ಮಗಳನ್ನೂ ನಾನೇ ಕಳಿಸಿದ್ದು.

ಅಕ್ಕ ಹಕ್ಕಿಯ ಕೆಲಸ ಮಾಡುತ್ತಿದ್ದ ರೀತಿ ನೋಡಬೇಕಿತ್ತು. ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ ಗಂಡನ ಶರ್ಟು, ಇನ್ನೊಂದು ತುದಿಯಲ್ಲಿ ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್. ನಿಂತುಕೊಂಡೇ ಕೆಲಸ. ಒಂದು ತೋಳಿಗೆ ಇಸ್ತ್ರಿ ಹಾಕುವುದು, ಒಂದು ಫೋಟೋ ನೋಡುವುದು. ಲೋಕದ ಯಾವ ಮೂಲೆಯವರೂ ತಾವು ತೆಗೆದ ಹಕ್ಕಿ ಫೋಟೋ ಹಾಕಬಹುದಾದ ತಾಣವೊಂದಿದೆ. ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿದ್ದವರು ಹೇಳಬಹುದು. ಅಲ್ಲಿ ಇವರು ಆರಿಸಿಕೊಂಡದ್ದು ಹಮ್ಮಿಂಗ್ ಬರ್ಡ್‌ಗಳಲ್ಲಿಯೇ ಒಂದು ಕುಲ, ಇಂಗ್ಲಿಷಿನಲ್ಲಿ ಹರ್ಮಿಟ್ ಎನ್ನುತ್ತಾರೆ. ಇವರು ಅದನ್ನು ಸನ್ಯಾಸಿ ಹಕ್ಕಿ ಮಾಡಿಕೊಂಡಿದ್ದರು. ಹೊಳಪಿಲ್ಲ, ಬಣ್ಣವಿಲ್ಲ. ಒಣಗಿದ ಎಲೆಯ ಕಂದು, ಬಾಗಿದ ಉದ್ದ ಕೊಕ್ಕು, ಬಾಲದ ನಡುವಿನಿಂದ ಹೊರಚಾಚಿದ ಬಿಳಿ ಗರಿ. ಮೆಕ್ಸಿಕೋದಿಂದ ಕೆಳಗೆ ಅರ್ಜೆಂಟೀನಾದವರೆಗೆ, ದೊಡ್ಡ ಕಾಡುಗಳ ನೆರಳಿನಲ್ಲಿ ಇರುವವು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದು ಬಲ್ಲವರಿಗೂ ಕಷ್ಟ. ಇಷ್ಟೊಂದು ಚೆಂದದ ಹಕ್ಕಿಗಳಿರುವಾಗ ಇದೇ ಯಾಕೆ ಎಂದು ನಾನೇ ಒಮ್ಮೆ ಕೇಳಿದೆ.

"ಚೆಂದ ಇದ್ದದ್ದಕ್ಕೆ ಹೆಸರು ಹೇಳ್ಲಿಕ್ಕೆ ಜನ ಬೇಕಾದಷ್ಟು ಉಂಟು. ಇವುಗಳ ಫೋಟೋ ಎಲ್ಲ ಹೆಸರಿಲ್ಲದೆ ಬಿದ್ದಿರ್ತದೆ ಮಾರಾಯ್ರೆ, ಪಾಪ ಆಗ್ತದೆ" ಎಂದರು.

ಜೆದ್ದಾ ದಾಟಿ ಬೇರೆ ದೇಶ ಕಾಣದ ಹೆಂಗಸು ಬ್ರೆಜಿಲಿನ ಹಕ್ಕಿಗೆ ಪಾಪ ಎನ್ನುತ್ತಾರಲ್ಲ ಎಂದು ನಾನು ಮನೆಗೆ ಬಂದು ಗಂಡನ ಹತ್ತಿರ ಮೂಗು ಮುರಿದೆ. ಅವರು ಪೇಪರ್ ಓದುತ್ತಾ, "ನಿನಗೆಂತ ನಷ್ಟ?" ಎಂದರು. ನಷ್ಟ ಏನೆಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅವರದು ಒಂದೇ ಸೂತ್ರ: ಮೊದಲು ಊರು ಕೇಳಬೇಕು, ಆಮೇಲೆ ಮುಖ ನೋಡಬೇಕು. ಮನುಷ್ಯರಿಗೂ ಅದೇ, ಹಕ್ಕಿಗೂ ಅದೇ. ಹೊಸಬರು ಯಾರಾದರೂ ಬಂದರೆ "ಊರಲ್ಲಿ ಎಲ್ಲಿ?" ಎನ್ನುವರು. ಅವರು ಮಂಗಳೂರು ಎಂದರೆ "ಮಂಗಳೂರಲ್ಲಿ ಎಲ್ಲಿ?" ಎನ್ನುವರು. ಕೊನೆಗೆ ಆ ಮನುಷ್ಯ ಉಪ್ಪಿನಂಗಡಿಯಿಂದಲೂ ಒಳಗೆ ಬಸ್ಸಿಳಿದು ನಡೆಯುವ ಊರಿನವನೆಂದು ಹೊರಬೀಳುತ್ತಿತ್ತು. ಹಕ್ಕಿಯ ವಿಷಯದಲ್ಲಿಯೂ, ಫೋಟೋ ಎಲ್ಲಿ ತೆಗೆದದ್ದು, ನದಿಯ ಯಾವ ದಡ, ಪರ್ವತದ ಯಾವ ಮಗ್ಗುಲು ಎಂದು ತಿಳಿಯದೆ ಬಾಯಿ ಬಿಡುತ್ತಿರಲಿಲ್ಲ. ವಿಜ್ಞಾನಿಗಳು ಒಂದು ಜಾತಿಯನ್ನು ಎರಡೆಂದು ತೀರ್ಮಾನಿಸಿದರೆ ಇವರಿಗೆ ಮನೆ ತುಂಬ ಕೆಲಸ. ಉದ್ದ ಬಾಲದ್ದು ಮತ್ತು ಉದ್ದ ಕೊಕ್ಕಿನದ್ದು ಎಂದು ಎರಡು ಸನ್ಯಾಸಿಗಳಿವೆಯಂತೆ, ಮೊದಲು ಎರಡನ್ನೂ ಒಂದೇ ಎಂದು ತಿಳಿದಿದ್ದರಂತೆ. "ಮನೆ ಪಾಲಾಯ್ತು. ಹಳೇ ಫೋಟೋಗಳಲ್ಲಿ ಇನ್ನೂ ಕೂಡುಕುಟುಂಬದ ಬೋರ್ಡೇ ಉಂಟು. ಯಾರು ಎಲ್ಲಿ ಅಂತ ಬದಲಿಸ್ಬೇಕಲ್ಲ?" ಎಂದು ಶರ್ಟುಗಳನ್ನು ಬದಿಗೆ ಸರಿಸುವರು.

ಇದನ್ನೆಲ್ಲ ನನಗೆ ಹೇಳುತ್ತಿದ್ದದ್ದು ಅಕ್ಕನೇ ಹೊರತು ಮಗಳಲ್ಲ ಎನ್ನುವುದೇ ನನ್ನ ಉರಿ. ಮಗಳು ಮನೆಯಲ್ಲಿ ಬಾಯಿ ಬಿಚ್ಚುವುದೇ ಕಡಿಮೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಶಬ್ದ ಉತ್ತರ ಕೊಡುವಳು: ಫೈನ್, ಓಕೆ, ನಥಿಂಗ್. ಮೇಲಿನ ಮನೆಯ ಬಾಗಿಲು ತೆರೆದಿದ್ದರೆ ಮಾತ್ರ ಮೆಟ್ಟಿಲಿನ ತನಕ ಅವಳ ಕನ್ನಡ ಕೇಳಿಸುತ್ತಿತ್ತು. ಅಕ್ಕನಿಗೆ ಇಂಗ್ಲಿಷ್ ಓದಲು ಬರೆಯಲು ಎಷ್ಟು ಸಲೀಸೋ ಮಾತಾಡಲು ಅಷ್ಟೇ ನಾಚಿಕೆ. ಹಾಗಾಗಿ ಮಗಳು ಕನ್ನಡಕ್ಕೆ ಇಳಿದಿದ್ದಳು. ಅದೂ ಎಂಥ ಕನ್ನಡ! "ಅದು ಎಂತ ಗೊತ್ತುಂಟಾ ಆಂಟಿ" ಎಂದು ಬಂಟ್ವಾಳದ ರಾಗದಲ್ಲಿ. ಹೆತ್ತು, ಹಾಡಿ, ಕಥೆ ಹೇಳಿ ನಾನು ಕಲಿಸಲಾಗದ್ದನ್ನು ಅವರು ಇಸ್ತ್ರಿ ಹಾಕುತ್ತಾ ಕಲಿಸಿದರು.

ಒಂದು ದಿನ ಲಿಫ್ಟಿನ ಹತ್ತಿರ ಸಿಕ್ಕಿ ನನ್ನ ಕೈ ಹಿಡಿದುಕೊಂಡರು. "ನಿಮ್ಮ ಮಗಳ ತಲೆ ಮಾರಾಯ್ರೆ! ನಿನ್ನೆ ನನ್ನನ್ನು ಉಳಿಸಿದ್ಲು."

ನಡೆದದ್ದು ಇಷ್ಟು. ಈಕ್ವೆಡಾರಿನಿಂದ ಯಾರೋ ಒಂದು ಸನ್ಯಾಸಿ ಹಕ್ಕಿಯ ಫೋಟೋ ಹಾಕಿದ್ದ. ಜಾಗ ಎನ್ನುವಲ್ಲಿ ರಾಜಧಾನಿಯ ಹೆಸರು. ಅದು ಆಂಡಿಸ್ ಪರ್ವತದ ಮೇಲೆ, ಚಳಿ ಊರು. ಆ ಹಕ್ಕಿ ಅಲ್ಲಿರಲು ಸಾಧ್ಯವಿಲ್ಲ. ಪರ್ವತದ ಪಡುವಣ ಇಳಿಜಾರಿಗೆ ಇಳಿದರೆ ಒಂದು ಜಾತಿ, ಮೂಡಣಕ್ಕೆ ಇಳಿದರೆ ಇನ್ನೊಂದು, ಫೋಟೋದಲ್ಲಿ ಎರಡೂ ಒಂದೇ ಥರ. ಅಕ್ಕ ಎರಡು ದಿನ ತಲೆ ಕೆಡಿಸಿಕೊಂಡು, ಯಾರಿಗೂ ಗೊತ್ತಿಲ್ಲದ ಹೊಸ ವಿಷಯವೇ ಇರಬಹುದೆಂದು ಉದ್ದನೆಯ ಟಿಪ್ಪಣಿ ಬರೆದು, ಇನ್ನೇನು ಕಳಿಸಬೇಕು, ಆಗ ನನ್ನ ಮಗಳು ಪತ್ತಿರ್ ತಿನ್ನುತ್ತಾ ಹೇಳಿದಳಂತೆ: "ಆಂಟಿ, ನಾವು ಸ್ಕೂಲಲ್ಲಿ ಎಲ್ರಿಗೂ ಮಂಗಳೂರು ಅಂತಲೇ ಹೇಳುದಲ್ವಾ? ಬ್ರಹ್ಮಾವರ ಅಂದ್ರೆ ಯಾರಿಗೆ ಗೊತ್ತು? ಅವನೂ ಹಾಗೇ ಮಾಡಿದ್ದು."

ಕೇಳಿ ನೋಡಿದರೆ ಅದೇ. ಫೋಟೋ ತೆಗೆದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿಯ, ಮೂಡಣ ಇಳಿಜಾರಿನ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಯಾರಿಗೂ ತಿಳಿಯಲಿಕ್ಕಿಲ್ಲ ಎಂದು ರಾಜಧಾನಿಯ ಹೆಸರು ಹಾಕಿದ್ದನಂತೆ. "ಊರು ಕೇಳ್ಬೇಕು ಅಂತ ದಿನಾ ಹೇಳುವ ನಾನೇ ಕೇಳ್ಲಿಲ್ಲ ನೋಡಿ. ಇವಳಿಗೆ ಹೊಳೀತು" ಎಂದು ಅಕ್ಕ ನನ್ನ ಕೈ ಅಲ್ಲಾಡಿಸಿ ಅಲ್ಲಾಡಿಸಿ ಹೇಳಿದರು. ನಾನು ನಕ್ಕೆ. ಮಗಳ ಜಾಣತನವನ್ನು ತಾಯಿ ಮೇಲಿನ ಮನೆಯವರ ಬಾಯಿಂದ ಕೇಳಬೇಕು! ರಾತ್ರಿ ಊಟದ ಹೊತ್ತಿಗೆ ಮಗಳು ತಾನಾಗಿ ಹೇಳುತ್ತಾಳೋ ಎಂದು ಕಾದೆ. ಸಾಂಬಾರು ಹಾಕು ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಆದರೂ ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಇನ್ನೊಂದು. ಅವತ್ತು ನನಗೆ ರಜೆ. ಮಗಳಿಗೆ ಇಷ್ಟವೆಂದು ನೀರುದೋಸೆ ಹುಯ್ದು, ಕೋಳಿ ಸುಕ್ಕ ಮಾಡಿ ಕಾಯುತ್ತಿದ್ದೆ. ಸ್ಕೂಲ್ ಬಸ್ಸು ನಿಂತದ್ದು ಕಿಟಕಿಯಲ್ಲಿ ಕಾಣಿಸಿತು. ಇಳಿದವಳು ಮುಖ ತಗ್ಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಓಡಿ ಬಾಗಿಲ ಹಿಂದೆ ನಿಂತೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ. ಹೆಜ್ಜೆ ನಮ್ಮ ಬಾಗಿಲಿಗೆ ಬಂತು. ಚಿಲಕಕ್ಕೆ ಕೈ ಹಾಕಿದೆ. ಹೆಜ್ಜೆ ನಿಲ್ಲಲಿಲ್ಲ. ಹಾಗೆಯೇ ಮುಂದೆ, ಮೇಲೆ ಹೋಯಿತು. ಮೇಲಿನ ಬೆಲ್ ಬಡಿದದ್ದು ಕೇಳಿಸಿತು, ಬಾಗಿಲು ತೆರೆದದ್ದು ಕೇಳಿಸಿತು, "ಎಂತಾಯ್ತು ಮಗಾ?" ಎಂದದ್ದೂ ಕೇಳಿಸಿತು.

ಅವಳು ಇಳಿದು ಬರುವಾಗ ದೋಸೆ ತಣ್ಣಗಾಗಿತ್ತು. ಮುಖ ತೊಳೆದುಕೊಂಡು ಬಂದಿದ್ದಳು. ಏನಾಯಿತು ಎಂದರೆ "ನಥಿಂಗ್ ಅಮ್ಮ" ಎಂದಳು. ಗೆಳತಿಯರು ಅವಳೊಬ್ಬಳನ್ನು ಬಿಟ್ಟು ಬೇರೆ ಗುಂಪು ಮಾಡಿಕೊಂಡಿದ್ದರಂತೆ. ಅದು ನನಗೆ ಗೊತ್ತಾದದ್ದು ಅಕ್ಕನಿಂದ, ಎಷ್ಟೋ ದಿನಗಳ ಮೇಲೆ. ಅದೇ ವಾರ ನಾನು ನಿಶ್ಚಯ ಮಾಡಿದೆ. ಮಗಳು ನನಗೆ ದಕ್ಕಬೇಕಾದರೆ ನಾನೂ ಹಕ್ಕಿಯ ದಾರಿಯಲ್ಲಿಯೇ ಹೋಗಬೇಕು. ನನಗೇನು ಕಡಿಮೆ? ದಿನವಿಡೀ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಒಂದು ಜೀವಕಣಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳಿ ಸಂಬಳ ಎಣಿಸುವವಳು ನಾನು. ಕಂದು ಹಕ್ಕಿ ಯಾವ ಲೆಕ್ಕ?

ಹೆಸರು ಮುಚ್ಚಿಟ್ಟು ಆ ತಾಣಕ್ಕೆ ಸೇರಿದೆ. ಆ ಹಕ್ಕಿಗಳ ದೇಶದವಳೆಂದೇ ಕಾಣಲಿ ಎಂದು ಮರಿಯಾ ಎಂದು ಹೆಸರಿಟ್ಟುಕೊಂಡೆ. ಊಟದ ಬಿಡುವಿನಲ್ಲಿ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಕೂತು ಸನ್ಯಾಸಿ ಹಕ್ಕಿಗಳನ್ನು ಓದಿದೆ. ಪರೀಕ್ಷೆಗೆ ಓದಿದ ಹಾಗೆ ಓದಿದೆ. ಆಮೇಲೆ ಅಕ್ಕ ಹೆಸರು ಹೇಳಿದ ಫೋಟೋಗಳನ್ನೇ ಹುಡುಕಿ, ಅವುಗಳ ಕೆಳಗೆ ಅಲ್ಲವೆಂದು ಬರೆಯತೊಡಗಿದೆ. ಅವರು ಪ್ರತಿ ಸಲವೂ ನನ್ನ ಮಾತು ಯಾಕೆ ತಪ್ಪೆಂದು ಒಳ್ಳೆಯ ಇಂಗ್ಲಿಷಿನಲ್ಲಿ, ನೋವಾಗದ ಹಾಗೆ ಬಿಡಿಸಿ ಬರೆಯುವರು. ಕೊನೆಯಲ್ಲಿ ಥ್ಯಾಂಕ್ಸ್ ಬೇರೆ. ಗುರುತಿಲ್ಲದವಳಿಗೂ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ಅದಕ್ಕೂ ಮೈ ಉರಿಯಿತು.

ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ತಾನಾಗಿ ಬಾಯಿ ಬಿಟ್ಟಳು. "ಅಮ್ಮ, ಮರಿಯಾ ಅಂತ ಒಬ್ಳು ಬಂದಿದ್ದಾಳೆ. ಆಂಟಿ ಎಂತ ಹೇಳಿದ್ರೂ ನೋ ಅಂತಾಳೆ. ಶಿ ಈಸ್ ಸೋ ಇರಿಟೇಟಿಂಗ್!"

"ಅವಳಿಗೆ ವಿಷಯ ಗೊತ್ತಿರಬಹುದು" ಎಂದೆ.

"ಎಂತದೂ ಗೊತ್ತಿಲ್ಲ! ಆದ್ರೂ ಆಂಟಿ ಅವಳಿಗೆ ಬೈಲಿಕ್ಕೆ ಬಿಡುದಿಲ್ಲ. ಅವಳು ಬಾಲ ಒಳ್ಳೇದು ನೋಡ್ತಾಳೆ, ಕಲೀತಾಳೆ ಅಂತ ಹೇಳ್ತಾರೆ."

ಗಂಡ ನನ್ನ ಮುಖ ನೋಡಿದರು. ನಾನು ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ. ಎಷ್ಟೋ ತಿಂಗಳ ನಂತರ ಮಗಳು ನನ್ನೊಡನೆ ಇಷ್ಟು ಮಾತಾಡಿದ್ದಳು, ಅದೂ ನನ್ನನ್ನು ಬೈಯಲು.

ಒಂದೇ ಒಂದು ಸಲ ಮರಿಯಾ ಗೆದ್ದಳು. ಒಂದು ಹಕ್ಕಿಯ ಬಾಲದ ಗರಿಯ ಬುಡದಲ್ಲಿದ್ದ ಬಣ್ಣವನ್ನು ಅಕ್ಕ ಗಮನಿಸಿರಲಿಲ್ಲ. ನಾನು ಗಮನಿಸಿದ್ದೆ. ಅವರು ಎಲ್ಲರೆದುರು ತನ್ನ ಮಾತು ಹಿಂದೆಗೆದುಕೊಂಡು, ಮರಿಯಾ ಹೇಳಿದ್ದೇ ಸರಿ ಎಂದು ಬರೆದರು. ಅವತ್ತು ಆಸ್ಪತ್ರೆಯಿಂದ ಬರುವಾಗ ಒಂದು ಪೆಟ್ಟಿಗೆ ಕುನಾಫಾ ಸಿಹಿ ತಂದೆ. ಏನು ವಿಶೇಷ ಎಂದು ಗಂಡ ಕೇಳಿದರು, ಮಗಳು ಕೇಳಿದಳು. ಅಂಗಡಿಯಲ್ಲಿ ಬಿಸಿಯಾಗಿ ಕಂಡಿತು ಎಂದು ಇಬ್ಬರಿಗೂ ಬಡಿಸಿದೆ. ಗೆದ್ದದ್ದನ್ನು ಹೇಳಿಕೊಳ್ಳಲಾಗದ ಸಂಕಟ ಸೋತವರಿಗೂ ಬೇಡ.

ಈ ವರ್ಷ ಇಲ್ಲಿನ ತೋಟಗಳ ಗುಲಾಬಿ ಕೊಯ್ಲಿನ ಹೊತ್ತಿಗೆ ಅಕ್ಕನ ಗಂಡ ಅಂಗಡಿ ಬಿಟ್ಟುಕೊಟ್ಟರು. ಇನ್ನು ಊರಿನಲ್ಲಿಯೇ ಇರುವುದೆಂದು ತೀರ್ಮಾನವಾಯಿತು. ಸುದ್ದಿ ಕೇಳಿ ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ, ಸುಳ್ಳು ಯಾಕೆ, ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಹೊರಡುವ ಮುನ್ನಾ ದಿನ ಮಾತಾಡಿಸಿ ಬರಲು ಹೋದೆ. ಸಾಮಾನೆಲ್ಲ ಕಟ್ಟಿದ್ದರು. ಇಸ್ತ್ರಿ ಮೇಜನ್ನು ಕಾವಲುಗಾರನಿಗೆ ಕೊಟ್ಟಾಗಿತ್ತು. ಲ್ಯಾಪ್‌ಟಾಪ್ ನೆಲದ ಮೇಲಿತ್ತು, ನಾವಿಬ್ಬರೂ ನೆಲದಲ್ಲಿಯೇ ಕೂತೆವು. ಸುಲೈಮಾನಿ ಚಹಾ ಕೊಟ್ಟು, ಅವರು ಮೆಲ್ಲನೆ ಹೇಳಿದರು:

"ನಿಮ್ಮ ಕಣ್ಣು ಒಳ್ಳೇದುಂಟು. ಬಾಲ, ಕೊಕ್ಕು ಎಲ್ಲ ಸರಿ ನೋಡ್ತೀರಿ. ಊರು ಒಂದು ಕೇಳುದಿಲ್ಲ ನೀವು."

ಚಹಾದ ಲೋಟ ಕೆಳಗಿಟ್ಟೆ. ಏನೂ ತಿಳಿಯದವಳ ಹಾಗೆ ಮುಖ ಮಾಡಿದೆ.

"ಕೋಪ ಮಾಡ್ಬೇಡಿ. ನನ್ನ ಶುಗರ್ ರಿಪೋರ್ಟು ಎಲ್ಲ ನಿಮ್ಮ ಲ್ಯಾಬಿನದ್ದೇ ಅಲ್ವಾ? ಅದರ ಕೊನೆಗೆ ಇರ್ತದೆ, ರೋಗಿಯ ಬೇರೆ ಲಕ್ಷಣಗಳ ಜೊತೆ ಹೋಲಿಸಿ ನೋಡುವುದು ಅಂತ. ಹಕ್ಕಿಯ ಫೋಟೋದ ಕೆಳಗೆ ಹಾಗೆ ಬರೆಯುವವರು ಲೋಕದಲ್ಲಿ ಎಷ್ಟು ಜನ ಇರ್ತಾರೆ ಮಾರಾಯ್ರೆ?"

ಕೈ ಅಭ್ಯಾಸ. ವರ್ಷಗಟ್ಟಲೆ ಪ್ರತಿ ವರದಿಯ ಕೊನೆಗೂ ಅದೇ ವಾಕ್ಯ ಬರೆದು ಬರೆದು, ಮರಿಯಾಳ ಪ್ರತಿ ಟಿಪ್ಪಣಿಯ ಕೆಳಗೂ ಅದನ್ನೇ, ರೋಗಿ ಇದ್ದಲ್ಲಿ ಹಕ್ಕಿ ಮಾಡಿ, ಹಾಕಿದ್ದೆ.

"ಮಗಳಿಗೆ ಹೇಳಿದ್ದೀರಾ?" ಎಂದು ಕೇಳಿದೆ.

"ಹೇಳ್ಲಿಲ್ಲ. ಹೇಳುದೂ ಇಲ್ಲ. ನೀವು ಆ ತಾಣಕ್ಕೆ ಯಾಕೆ ಬಂದದ್ದು ಅಂತ ನನಗೆ ಗೊತ್ತಾಗ್ಲಿಲ್ವಾ?" ಎಂದು ನನ್ನ ಮಂಡಿಯ ಮೇಲೆ ಕೈಯಿಟ್ಟರು. "ನಮ್ಮ ಗಂಡುಮಕ್ಕಳೂ ಹಾಗೇ. ಅವರ ಎಲ್ಲ ಮಾತೂ ಹಾಸ್ಟೆಲ್ಲಿನ ಅಡುಗೆಯವಳ ಹತ್ರ. ನಾನು ಫೋನು ಮಾಡಿದ್ರೆ ಊಟ ಆಯ್ತು, ಇಡ್ತೇನೆ ಅಂತ ಇಡ್ತಾರೆ."

ನಾನು ಏನಾದರೂ ಹೇಳಬೇಕಿತ್ತು. ಚಹಾ ಚೆನ್ನಾಗಿದೆ ಎಂದೆ.

ಮರುದಿನ ಬೆಳಿಗ್ಗೆ ಕಾರು ಜೆದ್ದಾಕ್ಕೆ ಹೊರಟಾಗ ಮಗಳು ಅವರ ಅಬಾಯದಲ್ಲಿ ಮುಖ ಮುಚ್ಚಿ ಅತ್ತಳು. ನಾನು ಬ್ಯಾಗು ಎತ್ತಿಕೊಡುವ ನೆಪದಲ್ಲಿ ಆಚೆ ತಿರುಗಿದೆ.

ಕೆಲವು ವಾರ ಕಳೆದವು. ಒಂದು ಶುಕ್ರವಾರ ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದೆ. ಮಗಳು ಫೋನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. "ಅಮ್ಮ, ಇದು ಯಾವುದಿರಬಹುದು?" ಎಂದಳು. ಕನ್ನಡದಲ್ಲಿಯೇ. ಒಂದು ಸನ್ಯಾಸಿ ಹಕ್ಕಿ, ಬಾಳೆಜಾತಿಯ ಕೆಂಪು ಹೂವಿನ ಮುಂದೆ. ಚಿತ್ರವನ್ನು ದೊಡ್ಡದು ಮಾಡಿ ಗಂಟಲು ನೋಡಿದೆ, ಬಾಲ ನೋಡಿದೆ, ಇದು ಇಂಥದ್ದು, ಯಾಕೆಂದರೆ ಹೀಗೆ ಎಂದೆ. ಅವಳು ಕಣ್ಣರಳಿಸಿ, "ನಿನಗೆ ಹೇಗೆ ಗೊತ್ತು?" ಎಂದಳು. ಇನ್ನೊಂದು ತೋರಿಸಿದಳು, ಮತ್ತೊಂದು ತೋರಿಸಿದಳು. ನೋಡುತ್ತಾ ನೋಡುತ್ತಾ ಅವಳ ತಲೆ ನನ್ನ ಭುಜಕ್ಕೆ ಒರಗಿತು. ಸ್ಕೂಲಿನ ಮಾತು ಬಂತು. ಗುಂಪು ಮಾಡಿಕೊಂಡ ಗೆಳತಿಯರ ಮಾತೂ ತಾನಾಗಿ ಬಂತು. ಕೊನೆಗೂ ಗೆದ್ದೆ ಎಂದು ಒಳಗೊಳಗೆ ಬೀಗಿದೆ.

ಆಗ ಅವಳ ಬೆರಳು ತಾಗಿ ಫೋಟೋ ಸರಿದು, ಅಕ್ಕನ ಜೊತೆಗಿನ ಚಾಟ್ ತೆರೆದುಕೊಂಡಿತು. ಮಗಳು ವಾರಗಳಿಂದ ಅವರಿಗೆ ಫೋಟೋ ಕಳಿಸುತ್ತಿದ್ದಳು. ಪ್ರತಿ ಫೋಟೋದ ಕೆಳಗೂ ಅವರ ಉತ್ತರ ಒಂದೇ: ಅಮ್ಮನ ಹತ್ರ ಕೇಳಿದ್ದಾ? ಮೊದಲು ಅಮ್ಮ. ಅಮ್ಮ ಹೇಳಿದ ಮೇಲೆ ನಾನು.

"ಆಂಟಿ ಎಂತದೂ ಹೇಳುದೇ ಇಲ್ಲ ಅಮ್ಮ. ನಿನ್ನ ಹತ್ರ ಕೇಳದೆ ಬಂದ್ರೆ ಉತ್ತರ ಇಲ್ಲ ಅಂತಾರೆ" ಎಂದಳು, ತಲೆ ಎತ್ತದೆ.

ನಾನು ಅವಳ ಕೂದಲು ಸವರುತ್ತಾ ಕೂತೆ. ನನ್ನ ಮಗಳು ನನ್ನ ಭುಜದ ಮೇಲಿದ್ದಳು, ನನ್ನ ಭಾಷೆಯಲ್ಲಿ ಮಾತಾಡುತ್ತಿದ್ದಳು, ಮತ್ತು ಅವಳನ್ನು ಅಲ್ಲಿಗೆ ಕಳಿಸಿದವರು ಬಂಟ್ವಾಳದಲ್ಲಿದ್ದರು. ಆ ಹೆಂಗಸಿನ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚು ಬೇರೆ ಯಾವತ್ತೂ ಆಗಿರಲಿಲ್ಲ.